ರೆಪ್ಪೆ ಬಡಿದ ಮಾತು

ಗಿರಣಿ ಹಾಲಮ್ಮನಿಗೆ ಮಾತು ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವರ ಬಾಯಿಗೆ ಮಣ್ಣು ಬೀಳಲಿ. ಮೂವತ್ತೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ಕಲ್ಲು ತಿರುಗುವ ಸದ್ದನ್ನು ಮೀರಿಸಿ ಕೂಗಿ ಕೂಗಿ ನನ್ನ ಗಂಟಲು ಕಹಳೆಯಾಗಿದೆ. ನನ್ನ ತೊಂದರೆ ಗಂಟಲಿನದಲ್ಲ, ಕಣ್ಣಿನದು. ನಮ್ಮೂರಿನಲ್ಲಿ ಮಾತಿನ ನಡುವೆ ರೆಪ್ಪೆ ಬಡಿದರೆ ಆ ಮಾತು ಎಣಿಕೆಗಿಲ್ಲ. ಆಡಿದರೂ ಆಡಿದಂತಲ್ಲ. ಬೇಕಾದರೆ ಮತ್ತೆ ಮೊದಲಿನಿಂದ ಆಡಬೇಕು, ಕಣ್ಣು ಅಗಲಿಸಿಕೊಂಡು, ಕೊನೆಯ ಅಕ್ಷರದವರೆಗೆ.

ಹರಟೆಗೆ ಈ ಕಟ್ಟಳೆ ಇಲ್ಲ. ಕಟ್ಟೆಯ ಮೇಲೆ ಕೂತು ಯಾರ ಮನೆಯ ಸುದ್ದಿಯನ್ನಾದರೂ ಎಷ್ಟು ಬೇಕಾದರೂ ಕಣ್ಣು ಮಿಟುಕಿಸುತ್ತ ಆಡಬಹುದು. ಆದರೆ ತರಕಾರಿಯವಳು ಬೆಲೆ ಹೇಳುವಾಗ ಕಣ್ಣುಗುಡ್ಡೆ ಹೊರಗೆ ಬರುವಂತೆ ನೋಡುತ್ತಾಳೆ. ಶಾಲೆಯ ಮೇಷ್ಟ್ರು ಮಗ್ಗಿಯ ಒಂದು ಸಾಲು ಹೇಳಿ, ನಿಂತು, ಕಣ್ಣು ಮುಚ್ಚಿ ತೆರೆದು, ಇನ್ನೊಂದು ಸಾಲಿಗೆ ಹೋಗುತ್ತಾರೆ. ತಾಯಿ "ಕಾಲು ಮುರೀತೀನಿ ನೋಡು" ಎಂದರೆ ಮಕ್ಕಳು ಮೊದಲು ಅವಳ ರೆಪ್ಪೆ ನೋಡುತ್ತವೆ, ಓಡಬೇಕೋ ಬೇಡವೋ ಎಂಬುದು ಆಮೇಲೆ. ಹೀಗಾಗಿ ಊರಿಗೆ ಊರೇ ಕೆಂಗಣ್ಣು. ಉರಿ, ತುರಿಕೆ, ಮರಳು ಹೊಯ್ದಂತಾಗುವುದು, ಇದನ್ನೆಲ್ಲ ನಾವು ಕಾಯಿಲೆ ಎಂದು ಕರೆದವರೇ ಅಲ್ಲ. ದೊಡ್ಡವರಾದ ಮೇಲೆ ಕೂದಲು ನೆರೆಯುವುದಿಲ್ಲವೇ, ಹಾಗೆ ಇದೂ ಒಂದು ಎಂದುಕೊಂಡಿದ್ದೆವು.

ನನ್ನದು ಮಾತ್ರ ಎಲ್ಲರಿಗಿಂತ ಒಂದು ಕೈ ಮೇಲು. ಹಿಟ್ಟಿನ ಧೂಳು ಬೇರೆ ಸೇರಿತಲ್ಲ. ಬೆಳಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮಂಜು. ಎರಡು ಮಾತಿಗೊಮ್ಮೆ ರೆಪ್ಪೆ ತಾನಾಗಿಯೇ ಬಡಿಯುತ್ತಿತ್ತು, ನಾನು ಹಲ್ಲು ಕಚ್ಚಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಇದರ ಮೇಲೆ ಇನ್ನೊಂದು ಪೀಡೆ: ಸ್ವಲ್ಪ ಗಾಳಿ ಬೀಸಿದರೆ ಸಾಕು, ಕಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು. "ಗಂಡ ಸತ್ತು ಹನ್ನೆರಡು ವರ್ಷ ಆದ್ರೂ ಪಾಪ ಹಾಲಮ್ಮ ಇನ್ನೂ ಅಳ್ತಾಳೆ" ಎಂದು ಹೆಂಗಸರು ಮರುಗುತ್ತಿದ್ದರು. ಅಯ್ಯೋ ಇವರ! ಆ ಮನುಷ್ಯ ಬದುಕಿದ್ದಾಗಲೇ ನಾನು ಅತ್ತವಳಲ್ಲ.

ನನ್ನ ಮಾತನ್ನು ಇಷ್ಟು ವರ್ಷ ಊರಿನಲ್ಲಿ ನಡೆಸಿಕೊಟ್ಟವಳು ನಾಗವೇಣಿ. ನಾವಿಬ್ಬರೂ ಓರಗೆಯವರು. ಅವಳು ಶಾಲೆಯ ಬಿಸಿಯೂಟದ ಅಡುಗೆಯವಳು. ಮದುವೆಯಿಲ್ಲ, ಮಕ್ಕಳಿಲ್ಲ. ಅಡುಗೆಮನೆಯ ಹಿಂದಿನ ಕೋಣೆಯೇ ಅವಳ ಮನೆ. ಅವಳ ಕಣ್ಣು ಕೊಳದ ನೀರಿನ ಹಾಗೆ. ಎಷ್ಟು ಉದ್ದದ ಮಾತಾದರೂ ಅಲ್ಲಾಡುವುದಿಲ್ಲ. ನಾನು ಅವಳ ಕಿವಿಯಲ್ಲಿ ಹೇಳುವುದು, ಅವಳು "ಹಾಲಮ್ಮನ ಮಾತು ಇದು" ಎಂದು ಊರಿಗೆ ಹೇಳುವುದು. ವ್ಯವಹಾರದ ಮಾತಿಗೆ ಹೀಗೆ ಇನ್ನೊಬ್ಬರ ಕಣ್ಣು ನಡೆಯುತ್ತದೆ. ತಪ್ಪೊಪ್ಪಿಗೆಗೆ ನಡೆಯುವುದಿಲ್ಲ. ತಪ್ಪು ಮಾಡಿದವರ ಕಣ್ಣೇ ಬೇಕು.

ಮಾರ್ಚ್ ಕೊನೆಯ ಒಂದು ಸೋಮವಾರ ಆ ಹಾಳು ದಿನ ಬಂತು. ಮದುವೆಯ ಕಾಲ, ಗಿರಣಿಯಲ್ಲಿ ಮೆಣಸಿನಕಾಯಿಯ ಮೂಟೆಗಳು ಸಾಲುಗಟ್ಟಿದ್ದವು. ಮೆಣಸಿನಪುಡಿಗೆ ನನ್ನಲ್ಲಿ ಬೇರೆಯೇ ಮಷೀನು ಇದೆ. ಹಿಂದಿನ ದಿನ ಅದರ ಬೆಲ್ಟು ಕಿತ್ತುಹೋಯಿತು. ಮದುವೆಯ ಮನೆಯವರು ತಲೆಯ ಮೇಲೆ ಕೂತಿದ್ದರು. ಹೋಗಲಿ ಎಂದು ರಾಗಿಯ ಕಲ್ಲಿನಲ್ಲೇ ಅವರ ಮೆಣಸಿನಕಾಯಿ ಬೀಸಿಕೊಟ್ಟೆ. ಹಾಗೆ ಮಾಡಿದರೆ ಆಮೇಲೆ ಮೂರು ಸಲ ನುಚ್ಚು ಹಾಕಿ ತಿರುಗಿಸಿ ಕಲ್ಲು ಚೊಕ್ಕ ಮಾಡಬೇಕು. ನಾನು ಒಂದು ಸಲ ಹಾಕಿದೆ. ಆಮೇಲೆ ಶಾಲೆಯ ರಾಗಿ ಬೀಸಿದೆ. ಚೀಲದ ಬಾಯಿ ಕಟ್ಟುವಾಗ ಹಿಟ್ಟಿನಲ್ಲಿ ಕೆಂಪು ಗೆರೆ ಕಂಡಿತು. ಕಣ್ಣು ಉಜ್ಜಿಕೊಂಡೆ, ಮಂಜಾಯಿತು. ನನ್ನ ಕಣ್ಣಿಗೆ ಎಲ್ಲವೂ ಕೆಂಪೇ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು, ಏಕೆಂದರೆ ಅಂದುಕೊಳ್ಳದಿದ್ದರೆ ಅಷ್ಟೂ ರಾಗಿ ಚೆಲ್ಲಿ, ಕಲ್ಲು ಬಿಚ್ಚಿ ತೊಳೆಯಬೇಕಿತ್ತು. ಚೀಲ ಕಟ್ಟಿ ಕಳಿಸಿದೆ.

ಸೋಮವಾರ ನಾಗವೇಣಿಯದು ಉಪವಾಸ. ಅವಳು ಅಂಬಲಿಯ ರುಚಿ ನೋಡಲಿಲ್ಲ. ಅರವತ್ತು ಮಕ್ಕಳು ಲೋಟ ಎತ್ತಿದವು, ಅರವತ್ತೂ ಕಿರುಚಿಕೊಂಡವು. ಬಾಯಿ ಉರಿ, ಹೊಟ್ಟೆ ಉರಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಕಣ್ಣೂ ಉರಿ. ಒಂದು ಹುಡುಗಿಗೆ ಗಂಟಲು ಊದಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ದೇವರು ದೊಡ್ಡವನು, ಮಗು ಎದ್ದು ಮನೆಗೆ ಬಂತು.

ಶಾಲೆಯ ಜಗಲಿಯಲ್ಲಿ ಊರ ಸಮಿತಿ ಕೂತಿತು. ಎದುರಿಗೆ ಸ್ಟೂಲು ಹಾಕಿಕೊಂಡು ಮರುಳಸಿದ್ದಪ್ಪ ಕೂತ. ಅವನ ಕೆಲಸ ಆಡುವವರ ರೆಪ್ಪೆ ಕಾಯುವುದು, ಅದಕ್ಕೇ ಊರು ಅವನನ್ನು ಇಟ್ಟುಕೊಂಡಿದೆ. ನಾಗವೇಣಿಯನ್ನು ಕೇಳಿದರು. "ಹಿಟ್ಟು ನನ್ನ ಕೈಯಿಂದ್ಲೇ ಒಲೆಗೆ ಹೋಗಿದ್ದು. ನಾನು ರುಚಿ ನೋಡ್ಲಿಲ್ಲ" ಎಂದಳು, ರೆಪ್ಪೆ ಅಲ್ಲಾಡದೆ. ಮಹಾತಾಯಿ! ಒಂದು ಸಲವಾದರೂ ಮಿಟುಕಿಸಬಾರದೇ? ಆ ಮಾತು ಎಣಿಕೆಗೆ ಬಂತು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. "ತಪ್ಪು ನಂದು. ಮೆಣಸಿನಪುಡಿ ಬೆರೆತಿದ್ದು ನನ್ನ ಗಿರಣೀಲಿ" ಎಂದೆ. "ರೆಪ್ಪೆ" ಎಂದ ಮರುಳಸಿದ್ದಪ್ಪ. ಮತ್ತೆ ಹೇಳಿದೆ. "ರೆಪ್ಪೆ." ಮೂರು ಸಲ ಅವಕಾಶ. ಮೂರನೆಯ ಸಲ "ತಪ್ಪು" ಎನ್ನುವಷ್ಟರಲ್ಲೇ ಬಡಿಯಿತು. "ಅಯ್ಯಾ, ಊರೆಲ್ಲಾ ಕೇಳಿಸ್ಕೊಂಡಿದೆಯಲ್ಲೋ! ಕಿವಿ ಇಲ್ವಾ ನಿಂಗೆ?" ಎಂದು ಬೈದೆ. "ಕಿವಿ ನನ್ನ ಕೆಲಸ ಅಲ್ಲಮ್ಮಾ" ಎಂದ. ಹಿಂದಿನಿಂದ ಯಾರೋ, "ಗೆಳತೀನ ಉಳಿಸ್ಕೊಳ್ಳೋಕೆ ಏನೋ ಹೇಳ್ತಾಳೆ ಪಾಪ" ಎಂದರು. ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆಯುವ ದಿನದವರೆಗೆ ಕಾಯುವುದು, ಅಷ್ಟರೊಳಗೆ ಎಣಿಕೆಯ ಮಾತು ಬರದಿದ್ದರೆ ನಾಗವೇಣಿ ಸೌಟೂ ಬಿಡಬೇಕು, ಕೋಣೆಯೂ ಬಿಡಬೇಕು ಎಂದು ತೀರ್ಮಾನವಾಯಿತು.

ಮೂರನೆಯ ಸಲವೂ ರೆಪ್ಪೆ ಬಡಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಹೇಳಿದ್ದೇನಲ್ಲ, ಕಣ್ಣು ಕೇಳದಿದ್ದರೆ ನಾನೇನು ಮಾಡಲಿ ಎಂದುಕೊಂಡೆ. ಮನೆಗೆ ಬಂದು ಅನ್ನ ಕಲಸಿದೆ, ಹಾಗೇ ತಟ್ಟೆ ಸರಿಸಿಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಂಜೆ ನಾಗವೇಣಿಯೇ ಬಂದಳು. "ಬೇಕಂತ ಮಾಡಿದ್ದಲ್ವಲ್ಲ, ಬಿಡೇ. ನಿಂಗೆ ಗೊತ್ತಾಗ್ದೆ ಆಗಿದ್ದು ತಾನೆ?" ಎಂದಳು. "ಹೂಂ ಕಣೇ, ಗೊತ್ತಾಗ್ಲಿಲ್ಲ" ಎಂದೆ. ರೆಪ್ಪೆ ಪಟಪಟ ಬಡಿಯಿತು. ಅವಳು ನನ್ನ ರೆಪ್ಪೆಯನ್ನು ಯಾವತ್ತೂ ನೋಡಿದವಳಲ್ಲ. "ನಡಿ ಮತ್ತೆ, ಆ ಹೊಸ ಡಾಕ್ಟ್ರಮ್ಮನ ಹತ್ರ ಹೋಗೋಣ. ಜೂನ್ ಹೊತ್ತಿಗೆ ನಿನ್ನ ಕಣ್ಣು ಸರಿ ಮಾಡ್ಸೋಣ" ಎಂದಳು.

ಆಸ್ಪತ್ರೆಗೆ ಬಂದಿದ್ದ ಹೊಸ ಕಣ್ಣಿನ ಡಾಕ್ಟರು ಇಂದುಮತಿ ಹೊರಗಿನೂರಿನವರು. ಮಾತಾಡುವಾಗ ಚಿಟ್ಟೆಯ ರೆಕ್ಕೆಯಂತೆ ರೆಪ್ಪೆ ಆಡಿಸುತ್ತಾರೆ. ನಮ್ಮೂರ ಲೆಕ್ಕದಲ್ಲಿ ಆಕೆ ಹೇಳಿದ್ದರಲ್ಲಿ ಒಂದು ಮಾತೂ ಮಾತಲ್ಲ. ಅದಕ್ಕೇ ಆಕೆಯ ಬಳಿ ಯಾರೂ ಹೋಗುತ್ತಿರಲಿಲ್ಲ. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಎಷ್ಟು ಒದ್ದೆಯಾಯಿತು ಎಂದು ಅಳೆದರು. ಹಳದಿ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು, "ಕಣ್ಣು ತೆರೆದೇ ಇರಿ" ಎಂದು ಎಣಿಸಿದರು. "ನಾಲ್ಕು ಸೆಕೆಂಡು. ಅಷ್ಟರಲ್ಲಿ ನಿಮ್ಮ ಕಣ್ಣೀರಿನ ಪದರ ಒಡೆದುಹೋಗುತ್ತೆ. ಹತ್ತಾದರೂ ನಿಲ್ಲಬೇಕು. ನಿಮ್ಮದು ಒಣಗಣ್ಣು" ಎಂದರು. ನನಗೆ ರೇಗಿತು. "ಧಾರೆ ಧಾರೆ ನೀರು ಸುರೀತದೆ, ಒಣಗಣ್ಣು ಅಂತೀರಲ್ಲ ಡಾಕ್ಟ್ರಮ್ಮಾ!" ಎಂದೆ. ಆಕೆ ನಕ್ಕರು. "ಒಣಗಿ ಉರಿಯುತ್ತಲ್ಲ, ಆ ಉರಿಗೆ ಕಣ್ಣು ಗಾಬರಿಯಾಗಿ ನೀರು ಸುರಿಯುತ್ತೆ. ಅದು ಬರೀ ನೀರು, ನಿಲ್ಲಲ್ಲ. ಒಳ್ಳೆ ಕಣ್ಣೀರಿನ ಮೇಲೆ ತೆಳ್ಳಗೆ ಎಣ್ಣೆ ಇರಬೇಕು, ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಲ್ಲ ಹಾಗೆ. ಆ ಎಣ್ಣೆ ಬರೋದು ರೆಪ್ಪೆ ಅಂಚಿನ ಗ್ರಂಥಿಗಳಿಂದ. ನಿಮಗೆ ಅವು ಕಟ್ಟಿಕೊಂಡಿವೆ."

ಊರವರು ಹೇಳಿದ ಔಷಧಿಗಳನ್ನೆಲ್ಲ ಆಕೆಯ ಮುಂದೆ ಒಪ್ಪಿಸಿದೆ. ಹರಳೆಣ್ಣೆ ಬಿಟ್ಟಿದ್ದೆ, ಜೇನು ಬಿಟ್ಟಿದ್ದೆ, ನಂದಿಬಟ್ಟಲು ಹೂವಿನ ರಸ ಹಿಂಡಿದ್ದೆ. ಆಕೆ ಹಣೆ ಹಣೆ ಚಚ್ಚಿಕೊಂಡರು. "ಇನ್ನು ಮೇಲೆ ಅದ್ಯಾವುದೂ ಕಣ್ಣೊಳಗೆ ಬೇಡ. ಬಿಸಿನೀರಿನ ಬಟ್ಟೆ, ಹತ್ತು ನಿಮಿಷ, ಬೆಳಗ್ಗೆ ಸಂಜೆ. ಆಮೇಲೆ ರೆಪ್ಪೆ ಮೆಲ್ಲಗೆ ನೀವಿ ಅಂಚು ಒರೆಸೋದು. ಈ ಹನಿ ದಿನಕ್ಕೆ ನಾಲ್ಕು ಸಲ. ಗಿರಣೀಲಿ ಸುತ್ತ ಮುಚ್ಚೋ ಕನ್ನಡಕ. ಎಲ್ಲಕ್ಕಿಂತ ಮುಖ್ಯ, ಕಣ್ಣು ಮಿಟುಕಿಸಿ. ಪೂರ್ತಿ ಮುಚ್ಚಿ ತೆರೆದು, ಮತ್ತೆ ಮತ್ತೆ. ಆ ಎಣ್ಣೆ ಹರಡೋದೇ ಮಿಟುಕಿಸಿದಾಗ." ಕೇಳಿ ನನಗೆ ತಲೆ ಕೆಟ್ಟುಹೋಯಿತು. "ಮಿಟುಕಿಸ್ಬೇಡ ಅಂತ ಊರು, ಮಿಟುಕಿಸು ಅಂತ ನೀವು! ನಾನು ಯಾವ ಕೆರೆ ಬಾವಿ ನೋಡ್ಕೊಳ್ಳಲಿ?" ಎಂದೆ. "ಮಾತಾಡದೇ ಇದ್ದಾಗ ಮಿಟುಕಿಸಿ" ಎಂದರು. ನಾಗವೇಣಿ ಕಿಸಕ್ಕೆಂದಳು. "ಇವಳು ಮಾತಾಡ್ದೇ ಇರೋದು ಯಾವಾಗ ಡಾಕ್ಟ್ರೇ?" "ಎಷ್ಟು ದಿನಕ್ಕೆ ವಾಸಿ?" ಎಂದು ಕೇಳಿದೆ. "ವಾಸಿ ಅನ್ನೋದಿಲ್ಲಮ್ಮಾ. ಬಿಟ್ಟರೆ ಮತ್ತೆ ಬರುತ್ತೆ, ಕೊನೇತನಕ ನೋಡಿಕೊಳ್ತಾ ಇರಬೇಕು. ಬಿಡದೆ ಮಾಡಿದ್ರೆ ಆರು ವಾರ, ಎರಡು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತೆ" ಎಂದರು.

ಆ ಎರಡು ತಿಂಗಳು ನನ್ನ ಶತ್ರುವಿಗೂ ಬೇಡ. ಬೆಳಗಾಗುತ್ತಲೇ ನಾಗವೇಣಿ ಹಾಜರು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ನನ್ನ ಕಣ್ಣಿನ ಮೇಲೆ ಇಡುವಳು. ಆರಿದರೆ ಮತ್ತೆ ಅದ್ದುವಳು. ನಾನು ಹತ್ತು ನಿಮಿಷ ಹೆಣದಂತೆ ಬಿದ್ದುಕೊಂಡು, ಅಲ್ಲಿ ಕಲ್ಲು ನಿಂತಿದೆ, ಇಲ್ಲಿ ಜನ ಕಾಯುತ್ತಿದ್ದಾರೆ ಎಂದು ಒದ್ದಾಡುತ್ತಿದ್ದೆ. ಹನಿ ಹಾಕಿಕೊಳ್ಳಲು ಹೋದರೆ ಮೂಗಿನ ಮೇಲೆ, ಕಿವಿಯಲ್ಲಿ, ಸೆರಗಿನ ಮೇಲೆ, ಕಣ್ಣೊಂದು ಬಿಟ್ಟು ಎಲ್ಲ ಕಡೆ ಬೀಳುತ್ತಿತ್ತು. ಸುತ್ತ ಮುಚ್ಚುವ ಕನ್ನಡಕ ಹಾಕಿಕೊಂಡು ಗಿರಣಿಯಲ್ಲಿ ನಿಂತರೆ ಬಂದವರೆಲ್ಲ "ಹಾಲಮ್ಮಾ, ಮೋಟಾರು ಸೈಕಲ್ ಎಲ್ಲಿ?" ಎನ್ನುವವರೇ. ಮಿಟುಕಿಸುವ ಅಭ್ಯಾಸ ಮಾಡಲು ಬಾಗಿಲಲ್ಲಿ ಕೂತರೆ ದಾರಿಹೋಕ ಗಂಡಸರು ತಿರುಗಿ ನೋಡತೊಡಗಿದರು. ಈ ವಯಸ್ಸಿನಲ್ಲಿ ಇದೊಂದು ಬಾಕಿಯಿತ್ತು! ಮೂರು ವಾರ ಕಳೆದರೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಒಂದು ದಿನ ಬಟ್ಟೆ ಕಿತ್ತೆಸೆದು, "ಸಾಕು, ನಾನೇ ಊರು ಬಿಟ್ಟು ಹೋಗ್ತೀನಿ" ಎಂದೆ. ನಾಗವೇಣಿ ಬಟ್ಟೆ ಎತ್ತಿ, ಕೊಡವಿ, ಮತ್ತೆ ಅದ್ದಿದಳು. "ಹೋಗೋಳು ನಾನಲ್ವೇನೇ, ನೀನ್ಯಾಕೆ ಹೋಗ್ತಿ? ಮಲ್ಕೋ" ಎಂದಳು.

ಒಪ್ಪಿಗೆಯ ಮಾತನ್ನು ಇಬ್ಬರೂ ಸೇರಿ ಕಟ್ಟಿದೆವು. ಅವಳು ಕೈಬೆರಳು ಮಡಿಸುತ್ತ ಎಣಿಸುವಳು, ನಾನು ಹೇಳುವುದು: "ನಾನು ಗಿರಣಿ ಹಾಲಮ್ಮ, ಮಕ್ಕಳ ರಾಗಿಗೆ ಮೆಣಸಿನಪುಡಿ ಬೆರೆತಿದ್ದು ನನ್ನ ಕಲ್ಲಲ್ಲಿ, ನನಗೆ ಗೊತ್ತಿಲ್ಲದ ಹಾಗೆ, ನನ್ನ ಕೈಯಿಂದ, ನಾಗವೇಣಿ ತಪ್ಪು ಇದರಲ್ಲಿ ಏನೂ ಇಲ್ಲ." ಪೂರ್ತಿ ಹೇಳಲು ಹತ್ತು ಎಣಿಕೆ ಬೇಕು. ಏಪ್ರಿಲ್ ಕೊನೆಗೆ ಐದರವರೆಗೆ ನಿಂತೆ. ಮೇ ನಡುವಿಗೆ ಏಳು. ಒಂದು ಬೆಳಗ್ಗೆ ಎದ್ದರೆ ರೆಪ್ಪೆ ಅಂಟಿರಲಿಲ್ಲ. ಗಿರಣಿಯ ಗೋಡೆಯ ಬಿರುಕು ಕಂಡಿತು, ಅದು ಯಾವತ್ತು ಬಿರಿದಿತ್ತೋ. ಮೇ ಕೊನೆಗೆ ಹನ್ನೊಂದು ಎಣಿಕೆ ನಿಂತೆ. ನಾಗವೇಣಿ ನನ್ನನ್ನು ತಬ್ಬಿಕೊಂಡು ಕುಣಿದಳು. ನನಗೆ ಕುಣಿಯಲಾಗಲಿಲ್ಲ. ಇಷ್ಟು ದಿನ ತಪ್ಪನ್ನೆಲ್ಲ ಕಣ್ಣಿನ ಮೇಲೆ ಹಾಕುತ್ತಿದ್ದೆ. ಇನ್ನು ಯಾರ ಮೇಲೆ ಹಾಕುವುದು?

"ಗೊತ್ತಿಲ್ಲದ ಹಾಗೆ" ಎಂಬ ಮಾತು ದಿನಾ ಗಂಟಲಲ್ಲಿ ಮುಳ್ಳಾಗುತ್ತಿತ್ತು. ಅಭ್ಯಾಸದಲ್ಲಿ ಅದನ್ನು ಹೇಗೋ ದಾಟಿಸುತ್ತಿದ್ದೆ. ಎಣಿಕೆಯ ಮಾತು ಸುಳ್ಳಾಗಬಾರದು ಎಂದೇನೂ ಇಲ್ಲ. ನಮ್ಮೂರಲ್ಲಿ ಕಣ್ಣು ಬಿಟ್ಟುಕೊಂಡು ಸುಳ್ಳು ಹೇಳಿ ಬದುಕಿದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಹೇಳಿದ್ದರೆ ಕೇಳುವವರು ಯಾರು?

ಶಾಲೆ ತೆರೆಯುವ ದಿನ ಜಗಲಿಯ ತುಂಬ ಜನ. ನಾಗವೇಣಿ ತನ್ನ ಟ್ರಂಕು ಕಟ್ಟಿ ಕೋಣೆಯ ಬಾಗಿಲಾಚೆ ಇಟ್ಟೇ ಬಂದಿದ್ದಳು. ಮರುಳಸಿದ್ದಪ್ಪ ಸ್ಟೂಲು ಎಳೆದುಕೊಂಡ. ನಾನು ಒಮ್ಮೆ ಕಣ್ಣು ಪೂರ್ತಿ ಮುಚ್ಚಿ, ತೆರೆದು, ಶುರುಮಾಡಿದೆ. "ನಾನು ಗಿರಣಿ ಹಾಲಮ್ಮ, ಮಕ್ಕಳ ರಾಗಿಗೆ ಮೆಣಸಿನಪುಡಿ ಬೆರೆತಿದ್ದು ನನ್ನ ಕಲ್ಲಲ್ಲಿ, ನನ್ನ ಕೈಯಿಂದ, ನಾಗವೇಣಿ ತಪ್ಪು ಇದರಲ್ಲಿ ಏನೂ ಇಲ್ಲ." ಮುಗಿಸಿದ ಮೇಲೆಯೇ ರೆಪ್ಪೆ ಬಡಿದದ್ದು. ಮರುಳಸಿದ್ದಪ್ಪ ಸ್ಟೂಲಿನಿಂದ ಎದ್ದ. "ಎಣಿಕೆಗೆ ಬಂತು" ಎಂದ.

ಸಮಿತಿಯವರು ಗುಸುಗುಸು ಮಾತಾಡಿಕೊಂಡರು. ನಾಗವೇಣಿಯ ಸೌಟು ಅವಳಿಗೇ ಉಳಿಯಿತು, ಕೋಣೆಯೂ ಉಳಿಯಿತು. ನನ್ನ ಗಿರಣಿಗೆ ಒಂದು ವರ್ಷ ಬೀಗ. ಡಾಕ್ಟ್ರಮ್ಮ ಜನರ ನಡುವಿನಿಂದ, "ಕಣ್ಣಿಗೆ ಒಳ್ಳೇದೇ ಆಯ್ತು ಬಿಡಿ, ಧೂಳು ತಪ್ಪಿತು" ಎಂದರು. ಆಕೆಯ ರೆಪ್ಪೆ ಮೂರು ಸಲ ಬಡಿಯಿತು. ನನಗೆ ಸಿಟ್ಟು ಬಂದರೂ ಬೈಯಲಿಲ್ಲ. ಬೀಗದ ಮಾತು ಕೇಳಿ ನನಗೆ ಅಷ್ಟೇನೂ ನೋವಾಗಲಿಲ್ಲ, ಮುಗಿಯಿತಲ್ಲ ಎಂದು ಎದೆ ಹಗುರಾಗಿತ್ತು.

ಜನ ಕರಗಿದ ಮೇಲೆ ಅವಳ ಟ್ರಂಕಿನ ಒಂದು ಕೈ ಅವಳು, ಒಂದು ಕೈ ನಾನು ಹಿಡಿದು ಕೋಣೆಗೆ ತಂದೆವು. ಅವಳು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹತ್ತು ಎಣಿಕೆ ಮಾತು ಎಂಟಕ್ಕೇ ಮುಗೀತಲ್ಲೇ" ಎಂದಳು. ನಾನು ಟ್ರಂಕನ್ನು ಗೋಡೆಗೆ ಸರಿಸಿದೆ. "ಗೊತ್ತಿಲ್ಲದ ಹಾಗೆ ಅನ್ನೋದನ್ನ ಬಿಟ್ಟೆ. ಮರ್ತುಹೋಯ್ತಾ?" "ಮರೀಲಿಲ್ಲ" ಎಂದೆ. ಅವಳು ಹತ್ತಿರ ಬಂದಳು. "ಇಷ್ಟು ವರ್ಷ ನಿನ್ನ ರೆಪ್ಪೆ ನೋಡ್ದೆ ನಿನ್ನ ಮಾತು ನಂಬಿದೀನಿ, ಹಾಲೀ. ಇವತ್ತೊಂದು ಸಲ ನೋಡಿ ಕೇಳ್ತೀನಿ. ಚೀಲ ಕಟ್ಟುವಾಗ ನಿಂಗೆ ಕಂಡಿತ್ತಾ?"

ಕಣ್ಣು ಉರಿಯುತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಹಾಳಾದ್ದು, ಅವತ್ತು ತಣ್ಣಗಿತ್ತು. "ಕಂಡಿತ್ತು. ಕೆಂಪು ಕಂಡಿತ್ತು. ಕಂಡೂ ಬಾಯಿ ಕಟ್ಟಿ ಕಳಿಸ್ದೆ. ನಿಂಗೆ ಗೊತ್ತಾಗಬಾರ್ದು ಅಂತ ಮುಚ್ಚಿಟ್ಟು, ಎರಡು ತಿಂಗಳು ನಿನ್ನ ಕೈಲೇ ಸೇವೆ ಮಾಡಿಸ್ಕೊಂಡೆ" ಎಂದೆ. ರೆಪ್ಪೆ ಅಲ್ಲಾಡಲಿಲ್ಲ.

ಅವಳು ಟ್ರಂಕು ತೆರೆದು ಒಂದೊಂದೇ ಸೀರೆ ತೆಗೆದು ಹಗ್ಗಕ್ಕೆ ಹಾಕತೊಡಗಿದಳು. ನಾಲ್ಕು ಸೀರೆ ಹಾಕುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ನನ್ನ ಮೇಲೆ ಸಿಟ್ಟಿದೆಯೇನೇ?" ಎಂದು ಕೇಳಿದೆ. ಅವಳು ತಿರುಗಿ ನನ್ನನ್ನೇ ನೋಡಿದಳು. "ಇಲ್ಲ ಕಣೇ, ಏನೂ ಇಲ್ಲ" ಎಂದಳು. ಹೇಳುವಾಗ ಅವಳ ರೆಪ್ಪೆ ಬಡಿಯಿತು. ನಾಗವೇಣಿಯ ರೆಪ್ಪೆ! ನಾನು ಕಂಡಂತೆ ಮಾತಿನ ನಡುವೆ ಅದು ಬಡಿದದ್ದು ಅದೇ ಮೊದಲು.

"ರೆಪ್ಪೆ ಬಡೀತು" ಎಂದೆ.

"ಗೊತ್ತು" ಎಂದಳು. ಕೈಯಲ್ಲಿದ್ದ ಸೀರೆ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಇವತ್ತಿಗೆ ಇಷ್ಟೇ ಆಗೋದು ನನ್ನ ಕೈಲಿ. ಇನ್ನೆರಡು ತಿಂಗಳು ಬಿಟ್ಟು ಕೇಳು."

ಇವತ್ತಿಗೆ ಐದು ವಾರವಾಯಿತು. ದಾರಿಯಲ್ಲಿ ಸಿಕ್ಕಿದರೆ ಊಟ ಆಯ್ತಾ ಎನ್ನುತ್ತಾಳೆ, ಆಯ್ತು ಎನ್ನುತ್ತೇನೆ. ನಾನು ಇನ್ನೂ ಕೇಳಿಲ್ಲ.